ಸೂಪರ್ ಮಾರ್ಕೆಟ್‌ದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ತಾಸು?

ನಮ್ಮ ಕಡಿ ಯಾರನ್ನರೇ "ಕಮಲಾಪುರ ಎಷ್ಟು ದೂರ ಅದ?" ಅಂತ ಕೇಳಿ ನೋಡ್ರಿ. ಸುಮಾರು 35 ಕಿಲೋಮೀಟರ್ ಅಂತ ಯಾರೂ ಹೇಳಂಗಿಲ್ಲ. "ಒಂದ್ ತಾಸಿನ ಹಾದಿ, ಬಸ್ ಲಗೂ ಸಿಕ್ಕರ" ಅಂತಾರ. ಹೆಣ್ಣುಮಕ್ಕಳಿಗಿ ದೂರ ಅಂದ್ರ ಯಾವಾಗ್ಲೂ ತಾಸೇ. ಹಾಲು ಕಾಸಿ, ಹುಡುಗರಿಗಿ ಡಬ್ಬಿ ಕಟ್ಟಿ ಮನಿ ಬಿಟ್ರ, ಸಂಜಿ ದೀಪ ಹಚ್ಚೋ ಹೊತ್ತಿಗಿ ತಿರುಗಿ ಬರ್ಲಿಕ್ಕ ಆಗ್ತದೋ ಇಲ್ಲೋ, ಅದೇ ನಮ್ಮ ಅಳತಿ.

ಈಗ ನಮ್ಮ ಓಣ್ಯಾಗ ಕೇಳೋ ದೂರ ಬ್ಯಾರೆ ಆಗ್ಯದ. ಒಬ್ಬರ ಮಗಳು ಕ್ಯಾಲಿಫೋರ್ನಿಯಾದಾಗ, ಇನ್ನೊಬ್ಬರ ಸೊಸಿ ಟೆಕ್ಸಾಸ್‌ನಾಗ, ಮತ್ತೊಬ್ಬರ ಮೈದುನ ದುಬೈದಾಗ. "ನಿಮ್ಮ ಮಗಳೂರು ಎಷ್ಟು ದೂರ ಅಕ್ಕಾ?" ಅಂದ್ರ ಮೊಬೈಲ್ ಒತ್ತಿ ತೋರಸ್ತಾರ: ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ 13,993 ಕಿಲೋಮೀಟರ್, ನೇರ ವಿಮಾನಕ್ಕ 16ರಿಂದ 17 ತಾಸು. ಲೆಕ್ಕ ಖರೇನೇ ಅದ. ಆದ್ರ ಅದು ಒಂದು ವಿಮಾನ ನಿಲ್ದಾಣದ ಬಾಗಲದಿಂದ ಇನ್ನೊಂದು ವಿಮಾನ ನಿಲ್ದಾಣದ ಬಾಗಲಕ್ಕ. ನಾವು ಹೊರಡೋದು ನಮ್ಮ ಮನಿ ಹೊಸ್ತಿಲದಿಂದ, ಮುಟ್ಟೋದು ಮಗಳ ಮನಿ ಹೊಸ್ತಿಲಕ್ಕ. ಈ ಎರಡು ಲೆಕ್ಕದ ನಡುವ ಎಷ್ಟು ಅಂತರ ಅದ, ಅದು ಹ್ಯಾಂಗ ಬದಲಾಗ್ತಾ ಬಂತು ಅನ್ನೋದೇ ಇವತ್ತಿನ ಮಾತು. ಹೆಣ್ಣುಮಕ್ಕಳ ಬಾಳಿನ ಎರಡು ದೊಡ್ಡ ಕೆಲಸ ಇದರ ಮ್ಯಾಲೇ ನಿಂತಾವ. ಒಂದು ಬಾಣಂತನ, ಇನ್ನೊಂದು ಮಣ್ಣು.

ಬಂಡಿ ಹೋಗೋ ದೂರ

ನಮ್ಮ ಮುತ್ತಜ್ಜಿಯರ ಕಾಲಕ್ಕ ದೂರ ಎಣಿಸೋದು ಹರದಾರಿಯಿಂದ. ಒಂದು ಹರದಾರಿ ಅಂದ್ರ ಹೆಚ್ಚುಕಡಿಮಿ ಮೂರು ಮೈಲಿ. ಎತ್ತಿನ ಬಂಡಿ ತಾಸಿಗಿ ಮೂರೋ ನಾಕೋ ಕಿಲೋಮೀಟರ್ ನಡೀತದ. ಅಂದ್ರ ಕಲಬುರಗಿಲಿಂದ ಕಮಲಾಪುರಕ್ಕ ಪೂರಾ ಒಂದು ದಿನದ ಹಾದಿ. ಅದಕ್ಕೇ ಹೆಣ್ಣು ಕೊಡೋದು, ತರೋದು ಎಲ್ಲಾ ಬಂಡಿ ಹೋಗಿ ಬರೋ ದೂರದಾಗೇ. ಹಬ್ಬಕ್ಕ ಕರಿಯಾಕ ಅಣ್ಣ ಬರಬೇಕು, ಚೊಚ್ಚಲ ಬಾಣಂತನಕ್ಕ ಮಗಳು ತವರಿಗಿ ಬರಬೇಕು, ಮಣ್ಣಿಗಿ ಮಗಳು ಮುಟ್ಟಬೇಕು. ಸಂಬಂಧ ನೋಡೋರು ಜಾತಕದ ಜೋಡಿ ಈ ಹಾದೀನೂ ನೋಡತಿದ್ರು.

ಆ ಕಾಲದ್ದು ಒಂದು ಮಾತು ಲಕ್ಷ್ಯದಾಗ ಇಟ್ಕೋರಿ. ಸುದ್ದಿ ಮತ್ತು ಮನುಷ್ಯಾ ಇಬ್ಬರೂ ಒಂದೇ ವೇಗದಾಗ ನಡೀತಿದ್ರು. ಸುದ್ದಿ ತರೋನೂ ಕಾಲ್ನಡಿಗಿಲಿಂದ ಇಲ್ಲಾ ಕುದುರಿ ಮ್ಯಾಲ ಬರಬೇಕಾಗಿತ್ತು. ಅವ್ವ ತೀರ್ಕೊಂಡ ಸುದ್ದಿ ಮಗಳಿಗಿ ಮುಟ್ಟೋದ್ರಾಗ ಮಣ್ಣು ಆಗಿಹೋಗಿರ್ತಿತ್ತು. ದುಃಖ ಇತ್ತು, ಆದ್ರ "ನನಗ ಗೊತ್ತಿದ್ದೂ ಮುಟ್ಟಲಿಲ್ಲ" ಅನ್ನೋ ಸಂಕಟ ಇರಲಿಲ್ಲ.

ರೈಲು ಬಂತು, ತಾರೂ ಬಂತು

ಸೊಲ್ಲಾಪುರ ಕಡಿಲಿಂದ ಕಲಬುರಗಿಗಿ ರೈಲು ಹಳಿ ಬಂದದ್ದು 1870ರಾಗ. ಮುಂದಿನ ವರ್ಷ, 1871ರಾಗ, ಅದು ರಾಯಚೂರು ಮುಟ್ಟಿ ಮದ್ರಾಸ್ ಕಡಿ ಹಳಿಗಿ ಕೂಡಿಕೊಂಡಿತು. ಮುಂಬೈ–ಮದ್ರಾಸ್ ದೊಡ್ಡ ಹಾದಿಯ ನಡುವ ನಮ್ಮೂರು ಬಂತು. ಆಗ ನಾವು ನಿಜಾಮರ ರಾಜ್ಯದೋರು. 1874ರಾಗ ವಾಡಿಲಿಂದ ಸಿಕಂದರಾಬಾದಿಗಿ ಇನ್ನೊಂದು ಹಾದಿ ಆಯ್ತು. ಹಂಗಾಗಿ ನಮಗ ಬೆಂಗಳೂರಿಗಿಂತ ಮುಂಬೈ, ಸೊಲ್ಲಾಪುರ, ಹೈದರಾಬಾದೇ ಸಮೀಪ ಅನಿಸ್ತಿದ್ವು. ಸೀರಿ ಸೊಲ್ಲಾಪುರದ್ದು, ಬಳಿ ಹೈದರಾಬಾದದ್ದು. ಇವತ್ತಿಗೂ ನಮ್ಮ ಮಾತಿನ್ಯಾಗ ಮರಾಠಿ, ಉರ್ದು ಎರಡೂ ಬೆರಕಿ ಅವ, ಅದರಾಗ ಆ ಹಳಿಗಳ ಪಾಲೂ ಅದ.

ರೈಲಿನ ಜೋಡಿ ತಂತಿ ಕಂಬಾನೂ ಬಂದ್ವು. ಅಲ್ಲಿಂದ ಲೆಕ್ಕ ತಪ್ಪಿತು ನೋಡ್ರಿ. ತಾರು ಒಂದೆರಡು ತಾಸಿನ್ಯಾಗ ಮುಟ್ಟತಿತ್ತು, ರೈಲು ಒಂದು ದಿನ ತಗೋತಿತ್ತು. ಸುದ್ದಿ ಮುಂದ, ಮನುಷ್ಯಾ ಹಿಂದ. "ತಾರು ಬಂತು" ಅಂದ್ರ ಒಡೆದು ಓದೋಕಿಂತ ಮೊದಲೇ ಹೆಂಗಸರು ಅಳಲಿಕ್ಕ ಶುರು ಮಾಡತಿದ್ರು. ನಮ್ಮ ದೇಶದಾಗ ತಾರು ಬಂದಾಗಿದ್ದು 2013ರ ಜುಲೈದಾಗ. ಆದ್ರ ಅದು ತಂದಿಟ್ಟ ಅಂತರ ಬಂದಾಗಲಿಲ್ಲ. ಈಗ ವಿಡಿಯೋ ಕಾಲಿನ್ಯಾಗ ಮಗಳು ಅವ್ವನ ಕಡೀ ಉಸಿರು ಸೈತ ನೋಡಬಹುದು. ಕಾಲು ಮಾತ್ರ ಸಾವಿರಾರು ಮೈಲಿ ಆ ಕಡಿ ಇರ್ತಾವ.

ಓಣಿಯ ಖಾಲಾ ಒಬ್ಬರು ಹೇಳತಿದ್ದ ಮಾತೂ ಇಲ್ಲೇ ಬರಬೇಕು. ಅವರ ಅತ್ತಿ ಹಜ್‌ಕ್ಕ ಹೋದಾಗ ರೈಲಿನ್ಯಾಗ ಮುಂಬೈಗಿ, ಅಲ್ಲಿಂದ ಹಡಗಿನ್ಯಾಗ ಜೆಡ್ಡಾಕ್ಕ. ಹೋಗೋ ಮೊದಲು ಎಲ್ಲಾರ ಮನಿಗಿ ಹೋಗಿ "ಕಹಾ ಸುನಾ ಮಾಫ್" ಅಂತ ಕೇಳಿ ಬಂದಿದ್ರಂತ. ತಿರುಗಿ ಬಂದೇ ಬರ್ತೀವಿ ಅನ್ನೋ ಭರೋಸಾ ಇರಲಿಲ್ಲ. ಆ ಹಡಗು 1995ಕ್ಕ ನಿಂತ್ವು. ಈಗ ಮುಂಬೈಲಿಂದ ಜೆಡ್ಡಾ ಐದು ತಾಸಿನ ಹಾರಾಟ. ಕ್ಷಮಾ ಕೇಳೋ ಪದ್ಧತಿ ಇನ್ನೂ ಅದ, ಗಂಟಲು ಕಟ್ಟೋದು ಕಡಿಮಿ ಆಗ್ಯದ.

ವಿಮಾನ ಮೊದಲು ಬಂದದ್ದು ನಮಗಲ್ಲ

ನಮ್ಮ ಭಾಗಕ್ಕ ವಿಮಾನ ಹೊಸಾದೇನಲ್ಲ. ಹೈದರಾಬಾದಿನ ಬೇಗಂಪೇಟದಾಗ ನಿಜಾಮರ ಕಾಲಕ್ಕೇ ವಿಮಾನ ನಿಲ್ದಾಣ ಇತ್ತು. 1945ರಾಗ ನಿಜಾಮರ ರೈಲ್ವೆ ಮತ್ತು ಟಾಟಾ ಕೂಡಿ ಡೆಕ್ಕನ್ ಏರ್‌ವೇಸ್ ಅಂತ ಕಂಪನಿ ತೆಗೆದ್ರು. 1948ರಾಗ ಸಂಸ್ಥಾನದ ಗದ್ದಲ ನಡದಾಗ ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಲಿಂದ ಹೈದರಾಬಾದ್ ಸಂಸ್ಥಾನಕ್ಕ ಕದ್ದು ಬಂದೂಕು ಹಾರಿಸಿ ತರತಿದ್ದ. ಅಂದ್ರ ನಮ್ಮ ಸೀಮಿ ಮ್ಯಾಲ ದೂರದ ವಿಮಾನ ಹಾರಿದ್ದು ರಾಜರ ಸಲುವಾಗಿ, ಸಾಹೇಬರ ಸಲುವಾಗಿ, ಬಂದೂಕಿನ ಸಲುವಾಗಿ. ನಮ್ಮ ಅಜ್ಜಿಯರು ಅಂಗಳದಾಗ ಕೈ ಅಡ್ಡ ಹಿಡಿದು ಮ್ಯಾಲ ನೋಡಿದ್ದಷ್ಟೇ ಬಂತು.

ಅದೇ ಡೆಕ್ಕನ್ ಏರ್‌ವೇಸ್‌ದಾಗ ಒಬ್ಬ ಹೆಣ್ಣುಮಗಳ ಕಥಿ ಅದ, ನಿಮ್ಮ ಹುಡುಗಿಯರಿಗಿ ಹೇಳ್ರಿ. ಪ್ರೇಮ್ ಮಾಥುರ್ ಅಂತ. 1947ರಾಗ ವಿಮಾನ ನಡಿಸೋ ವಾಣಿಜ್ಯ ಲೈಸೆನ್ಸ್ ಪಡೆದ್ರು. ಎಂಟು ಕಂಪನಿ ಒಲ್ಲೆ ಅಂದ್ವಂತ. ಹೆಂಗಸು ವಿಮಾನ ನಡಿಸ್ತಾಳ ಅಂದ್ರ ಜನ ಹತ್ತಂಗಿಲ್ಲ ಅನ್ನೋದು ಅವರ ಅಂಜಿಕಿ. ಕಡೀಕ ಕೆಲಸ ಕೊಟ್ಟದ್ದು ಹೈದರಾಬಾದಿನ ಈ ಡೆಕ್ಕನ್ ಏರ್‌ವೇಸ್. ಭಾರತದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಅಂತ ಅವರ ಹೆಸರು ಉಳಿದದ. 1953ರಾಗ ಸರಕಾರ ಎಲ್ಲಾ ಕಂಪನಿ ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಡೆಕ್ಕನ್ ಏರ್‌ವೇಸೂ ಅದರಾಗ ಸೇರಿಹೋಯ್ತು.

ಕಲಬುರಗಿಯೋರಿಗಿ ಮಾತ್ರ ವಿಮಾನ ಅಂದ್ರ ಹೈದರಾಬಾದ್, ಇಲ್ಲಾ ಮುಂಬೈ, ಇಲ್ಲಾ ಬೆಂಗಳೂರು. ಹಾರಾಟಕ್ಕಿಂತ ಹಾರೋ ಜಾಗಕ್ಕ ಹೋಗೋದೇ ದೊಡ್ಡ ಪ್ರವಾಸ. 2008ರಾಗ ಅದು ಮತ್ತಷ್ಟು ದೊಡ್ಡದಾಯ್ತು. ಆ ವರ್ಷ ಮಾರ್ಚ್ 23ಕ್ಕ ಹೈದರಾಬಾದಿನ ವಿಮಾನ ಬೇಗಂಪೇಟ ಬಿಟ್ಟು ಶಂಶಾಬಾದಿಗಿ ಹೋದ್ವು. ಮೇ 24ಕ್ಕ ಬೆಂಗಳೂರಿನ ವಿಮಾನ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗಿ ಹೋದ್ವು. ನಿಲ್ದಾಣ ದೊಡ್ಡವು ಆದ್ವು, ಛೊಲೋ ಆದ್ವು, ಪರದೇಶಕ್ಕ ನೇರ ಹೋಗೋ ವಿಮಾನ ಹೆಚ್ಚಾದ್ವು. ಆದ್ರ ಊರೊಳಗಿದ್ದದ್ದು ಊರ ಹೊರಗ ಹೋಯ್ತು. ಮೆಜೆಸ್ಟಿಕ್‌ದಿಂದ ದೇವನಹಳ್ಳಿ ನಿಲ್ದಾಣ ಸುಮಾರು 35 ಕಿಲೋಮೀಟರ್. ನಮಗ ಕಮಲಾಪುರ ಇದ್ದಷ್ಟೇ ದೂರ. ಬೆಂಗಳೂರಿನ ಗಾಡಿ ಗದ್ದಲದಾಗ ಅದು ಒಂದು ತಾಸಿನ್ಯಾಗ ಮುಗಿಯೋದಿಲ್ಲ.

2019ರ ನವೆಂಬರ್ 22

ಅದೇ 2008ರ ಜೂನ್ 14ಕ್ಕ ಕಲಬುರಗಿ ವಿಮಾನ ನಿಲ್ದಾಣಕ್ಕ ಅಡಿಗಲ್ಲು ಬಿತ್ತು. ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅಡಿಗಲ್ಲು ಇಟ್ರು. ಸೇಡಂ ರಸ್ತೆ ಕಡಿ, ಶ್ರೀನಿವಾಸ ಸರಡಗಿ ಹತ್ರ ಜಾಗ. ಅಡಿಗಲ್ಲಿಗಿ ಹೂ ಏರಿಸಿದಾಗ ಹುಟ್ಟಿದ ಕೂಸು ಐದನೇತ್ತ ಪಾಸಾಗೋತನ ಕಾದ್ವಿ. 2019ರ ನವೆಂಬರ್ 22ಕ್ಕ ಉದ್ಘಾಟನೆ ಆಯ್ತು, ಅಡಿಗಲ್ಲಿಟ್ಟ ಯಡಿಯೂರಪ್ಪ ಆಗ ಮತ್ತ ಮುಖ್ಯಮಂತ್ರಿ ಆಗಿದ್ರು. ಸ್ಟಾರ್ ಏರ್ ಕಂಪನಿಯ 50 ಸೀಟಿನ ವಿಮಾನ ಬೆಂಗಳೂರಿಗಿ ಹಾರಾಟ ಶುರು ಮಾಡಿತು. ಡಿಸೆಂಬರ್‌ದಾಗ ಅಲಯನ್ಸ್ ಏರ್ ಸೈತ ಬಂತು. 2020ರ ನವೆಂಬರ್‌ದಾಗ ದಿಲ್ಲಿ ಬಾಜೂಕಿನ ಹಿಂಡನ್‌ಗೂ ವಿಮಾನ ಶುರುವಾಯ್ತು. ನಕಾಶಿ ಮ್ಯಾಲ ಅದು ಸುಮಾರು 1,260 ಕಿಲೋಮೀಟರ್, ಎರಡೂವರಿ ತಾಸಿನೊಳಗಿನ ಹಾರಾಟ.

ಒಂದು ಸಣ್ಣ ವಿಚಾರ. ಊರಿನ ಹೆಸರು 2014ರ ನವೆಂಬರ್ 1ಕ್ಕ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತು. ಆದ್ರ ಟಿಕೆಟ್ ಮ್ಯಾಲ ನಮ್ಮ ನಿಲ್ದಾಣದ ಗುರುತು ಮೂರಕ್ಷರ: ಜಿ-ಬಿ-ಐ. ಅದು ಗುಲ್ಬರ್ಗಾದ ಜಿ. ಲಗ್ನ ಆಗಿ ಹೆಸರು ಬದಲಾದ್ರೂ ತವರಿನ್ಯಾಗ ಹಳೇ ಹೆಸರಿಂದೇ ಕೂಗೋ ಹಂಗ.

ಈಗ ಲೆಕ್ಕಕ್ಕ ಬರೋಣು. ಸರಡಗಿಲಿಂದ ದೇವನಹಳ್ಳಿಗಿ ಗಾಳಿಯ ಹಾದಿ ಸುಮಾರು 460 ಕಿಲೋಮೀಟರ್. ವಿಮಾನಕ್ಕ ಒಂದು ತಾಸು ಐದು ನಿಮಿಷ ಹಿಡೀತಿತ್ತು. ಆದ್ರ ಸೂಪರ್ ಮಾರ್ಕೆಟ್‌ದಿಂದ ನಿಲ್ದಾಣಕ್ಕ ಅರ್ಧ ತಾಸು, ಅಲ್ಲಿ ಒಂದೂವರಿ ತಾಸು ಮೊದಲೇ ಮುಟ್ಟಬೇಕು, ಇಳಿದ ಮ್ಯಾಲ ಚೀಲಕ್ಕ ಕಾಯೋದು ಅರ್ಧ ತಾಸು, ದೇವನಹಳ್ಳಿಲಿಂದ ಬೆಂಗಳೂರಿನ ಮನಿಗಿ ಒಂದೂವರಿ ತಾಸು. ಕೂಡಿಸಿದ್ರ ಐದು ತಾಸಾಯ್ತು. ಹಾರಿದ್ದು ಅದರಾಗ ಐದನೇ ಒಂದು ಪಾಲು ಅಷ್ಟೇ.

ರಾತ್ರಿ ರೈಲಿನ್ಯಾಗ ಬೆಂಗಳೂರಿಗಿ ಹತ್ತು-ಹನ್ನೊಂದು ತಾಸು. 2024ರ ಮಾರ್ಚ್ 12ಕ್ಕ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್‌ಕ್ಕ ಸುಮಾರು ಒಂಬತ್ತು ತಾಸು. ಮೊಣಕಾಲು ನೋವಿನೋರಿಗಿ, ಆಪರೇಷನ್ ಸಲುವಾಗಿ ಬೆಂಗಳೂರಿಗಿ ಹೋಗೋರಿಗಿ ಈ ಐದಕ್ಕೂ ಒಂಬತ್ತಕ್ಕೂ ಇರೋ ಅಂತರ ದೊಡ್ಡದು.

ಇನ್ನೊಂದು ಮಾತು. ಸಣ್ಣ ಊರಿನ ವಿಮಾನಗಳು ಹೆಚ್ಚಾಗಿ ಉಡಾನ್ ಯೋಜನೆ ಮ್ಯಾಲ ನಡೀತಾವ. ಅರ್ಧ ಸೀಟು ಅಗ್ಗದ ದರಕ್ಕ ಕೊಡಬೇಕು, ಕಂಪನಿಗಿ ಆಗೋ ನಷ್ಟ ಸರಕಾರ ತುಂಬಿಕೊಡ್ತದ, ಅದೂ ಮೂರು ವರ್ಷದ ಮಟ ಅಷ್ಟೇ. ಆಮ್ಯಾಲ ಕಂಪನಿ ತನ್ನ ಕಾಲ ಮ್ಯಾಲ ನಿಲ್ಲಬೇಕು. ಅದಕ್ಕೇ ನಮ್ಮಂಥ ಊರಿಗಿ ವಿಮಾನ ಬರ್ತಾವ, ಹೋಗ್ತಾವ, ದಿನ ಬದಲಾಗ್ತಾವ. ವಿಮಾನ ನಿಂತ ದಿನ ಬೆಂಗಳೂರು ಒಂದು ಇಂಚೂ ಸರಿದಿರಂಗಿಲ್ಲ, ಖರೆ ಐದು ತಾಸಿನ ಊರು ಮತ್ತ ಹನ್ನೆರಡು ತಾಸಿನ ಊರು ಆಗಿಬಿಡ್ತದ. ಮಗಳ ಟಿಕೆಟ್ ತೆಗಿಯೋ ಮೊದಲು ಆ ವಾರ ನಮ್ಮೂರ ವಿಮಾನ ಅದನೋ ಇಲ್ಲೋ ನೋಡೇ ತೆಗೀರಿ.

ಕುಂಬಳಕಾಯಿ ಮತ್ತು ದಾರ

ಈಗ ದೊಡ್ಡ ಹಾದಿ. ಅಮೆರಿಕಾ ಪಶ್ಚಿಮಕ್ಕದ ಅಂತ ಶಾಲಿ ನಕಾಶಿ ಹೇಳ್ತದ. ಹಂಗಾದ್ರ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಉತ್ತರ ಧ್ರುವದ ಮ್ಯಾಲಿಂದ ಯಾಕ ಹೋಗ್ತದ?

ಒಂದು ಗುಂಡನ್ನ ಕುಂಬಳಕಾಯಿ ತಗೋರಿ. ತೊಟ್ಟು ಉತ್ತರ ಧ್ರುವ, ಹೊಟ್ಟಿ ಭಾಗ ಭೂಮಿಯ ನಡು. ಹೊಟ್ಟಿಗಿಂತ ಜರಾ ಮ್ಯಾಲ ಒಂದು ಕುಂಕುಮದ ಬೊಟ್ಟು ಇಡ್ರಿ, ಅದು ಬೆಂಗಳೂರು. ಕಾಯಿ ತಿರುವಿ ಆ ಮಗ್ಗಲಿಗಿ, ಇನ್ನೊಂದೀಟು ಮ್ಯಾಲ, ಮತ್ತೊಂದು ಬೊಟ್ಟು ಇಡ್ರಿ, ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ದಾರ ಹಿಡಿದು ಎರಡೂ ಬೊಟ್ಟು ಕೂಡಿಸ್ರಿ. ಹೊಟ್ಟಿ ಸುತ್ತಿ ಹೋದ್ರ ದಾರ ಭಾಳ ಬೇಕಾಗ್ತದ. ತೊಟ್ಟಿನ ಹತ್ರದಿಂದ ಹಾಯಿಸಿದ್ರ ಕಡಿಮಿ ಸಾಕು. ಆ ಊರು ನಮಗ ಹೆಚ್ಚುಕಡಿಮಿ ಭೂಮಿಯ ಆ ಮಗ್ಗಲಾಗ ಅದ, ಅದಕ್ಕೇ ತೊಟ್ಟಿನ ಹಾದಿ. 13,993 ಅನ್ನೋದು ಆ ದಾರದ ಉದ್ದ.

ಆದ್ರ ವಿಮಾನ ಯಾವಾಗ್ಲೂ ದಾರ ಹಿಡಿದೇ ಹೋಗಂಗಿಲ್ಲ. ಏರ್ ಇಂಡಿಯಾ 2015ರ ಡಿಸೆಂಬರ್‌ದಾಗ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಶುರು ಮಾಡಿತ್ತು, ಅಟ್ಲಾಂಟಿಕ್ ಕಡಿಲಿಂದ. 2016ರ ಅಕ್ಟೋಬರ್‌ದಾಗ ಹಾದಿ ಬದಲಿಸಿ ಪೂರ್ವಕ್ಕ, ಪೆಸಿಫಿಕ್ ಸಮುದ್ರದ ಮ್ಯಾಲ ಹೊಂಟ್ರು. ಹೊಸಾ ಹಾದಿ ಸುಮಾರು 15,300 ಕಿಲೋಮೀಟರ್, ಹಳೇದಕ್ಕಿಂತ 1,400ರಷ್ಟು ಹೆಚ್ಚು. ಆದ್ರ 14 ತಾಸು 30 ನಿಮಿಷಕ್ಕ ಮುಟ್ಟಿದ್ರು, ಮೊದಲಿಗಿಂತ ಎರಡು ತಾಸಿನಷ್ಟು ಲಗೂ! ಕಾರಣ ಏನು? ಆ ಎತ್ತರದಾಗ ಪಶ್ಚಿಮದಿಂದ ಪೂರ್ವಕ್ಕ ಜೋರು ಗಾಳಿ ಬೀಸ್ತದ. ಪಶ್ಚಿಮಕ್ಕ ಹೋದ್ರ ಅದು ಎದುರು ಗಾಳಿ, ಪೂರ್ವಕ್ಕ ಹೋದ್ರ ಬೆನ್ನ ಗಾಳಿ. ಸ್ಕೂಟಿ ಮ್ಯಾಲ ಎದುರು ಗಾಳಿಗಿ ಹೋದೋರಿಗಿ ಇದು ಹೇಳಿಕೊಡೋದು ಬ್ಯಾಡ. ದೂರ ಹೆಚ್ಚು, ಹೊತ್ತು ಕಡಿಮಿ. ಕಿಲೋಮೀಟರ್ ಒಂದನ್ನೇ ನಂಬಬಾರದು ಅನ್ನೋದಕ್ಕ ಇದಕ್ಕಿಂತ ಛೊಲೋ ಸಾಕ್ಷಿ ನನಗ ಸಿಕ್ಕಿಲ್ಲ.

ಇನ್ನೊಂದು ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋ ಹಾದಿ ನಮ್ಮ ಕಲಬುರಗಿ–ಬೆಂಗಳೂರು ಹಾದಿಯ 30 ಪಟ್ಟು. ಹಾರೋ ಹೊತ್ತು ಮಾತ್ರ 15 ಪಟ್ಟು. ಸಣ್ಣ ಹಾದಿಯಾಗ ಏರೋದು ಇಳಿಯೋದ್ರಾಗೇ ಅರ್ಧ ಹೊತ್ತು ಹೋಗ್ತದ. ಮನಿಲಿಂದ ಮನಿಗಿ ಲೆಕ್ಕ ಹಾಕಿದ್ರ ಐದು-ಆರು ಪಟ್ಟಿಗಿ ಇಳೀತದ.

ನಾಕು ಹೆಣ್ಣುಮಕ್ಕಳು, ಒಂದು ಕಳೆದ ಭಾನುವಾರ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಕ್ಕೂ ನೇರ ವಿಮಾನ ಮೊದಲ ಸಲ ಹಾರಿದ್ದು 2021ರ ಜನವರಿದಾಗ. ಅದನ್ನ ನಡಿಸಿದೋರು ಎಲ್ಲಾರೂ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನವಾರೆ, ಕ್ಯಾಪ್ಟನ್ ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮ್ಯಾಲ ಹಾಯ್ದು ಸುಮಾರು 17 ತಾಸು ಹಾರಿ ಬೆಂಗಳೂರಿನ್ಯಾಗ ಇಳಿಸಿದ್ರು. ಎಂಟು ಕಂಪನಿ ಪ್ರೇಮ್ ಮಾಥುರ್‌ಗಿ ಒಲ್ಲೆ ಅಂದ ದೇಶ ಇದು.

ಆ ವಿಮಾನ ಅಲ್ಲಿಂದ ಬಿಟ್ಟದ್ದು ಜನವರಿ 9, ಶನಿವಾರ ರಾತ್ರಿ. ಇಲ್ಲಿ ಇಳಿದದ್ದು ಜನವರಿ 11, ಸೋಮವಾರ ನಸುಕಿನ್ಯಾಗ. ನಡುವಿನ ಭಾನುವಾರ ಎಲ್ಲಿ ಹೋಯ್ತು? ನಮ್ಮ ಗಡಿಯಾರ ಕ್ಯಾಲಿಫೋರ್ನಿಯಾದ್ದಕ್ಕಿಂತ ಚಳಿಗಾಲದಾಗ ಹದಿಮೂರುವರಿ ತಾಸು, ಬ್ಯಾಸಿಗ್ಯಾಗ ಹನ್ನೆರಡೂವರಿ ತಾಸು ಮುಂದ ಅದ. ಬರೋವಾಗ ಆ ತಾಸು ಕಳೀತಾವ, ಹೋಗೋವಾಗ ತಿರುಗಿ ಸಿಗ್ತಾವ. ಇಲ್ಲಿ ಮಧ್ಯಾಹ್ನ ಊಟ ಮಾಡಿ ವಿಮಾನ ಹತ್ತಿದೋರು 16 ತಾಸು ಹಾರಿ ಅದೇ ದಿನ ಸಂಜಿಗಿ ಅಲ್ಲಿ ಇಳೀತಾರ. ಸೋಮವಾರ ಉಪವಾಸ ಹಿಡಿಯೋರು ಯಾವ ಊರಿನ ಸೋಮವಾರ ಅಂತ ಮೊದಲೇ ನಿಶ್ಚಯ ಮಾಡಿಕೋರಿ, ಇಲ್ಲಂದ್ರ ಉಪವಾಸ ಒಂದೂವರಿ ದಿನ ಆಗ್ತದ!

ಇದು ವಿಚಿತ್ರ ಅನಿಸಬಾರದು. ನಮ್ಮ ಮನಿ ಗಡಿಯಾರಾನೂ ನಮ್ಮೂರ ಸೂರ್ಯನದಲ್ಲ. ಇಡೀ ದೇಶಕ್ಕ ಒಂದೇ ಹೊತ್ತು ಅಂತ 1906ರಾಗ ಮಾಡಿದ್ದು. ಅದರ ಲೆಕ್ಕದಾಗ ಕಲಬುರಗಿ ಸೂರ್ಯ ಸುಮಾರು 22 ನಿಮಿಷ ತಡಾ. ಗಡಿಯಾರದಾಗ ಹನ್ನೆರಡು ಹೊಡೆದಾಗ ನೆತ್ತಿ ಮ್ಯಾಲ ಬರಂಗಿಲ್ಲ, ಹನ್ನೆರಡೂ ಇಪ್ಪತ್ತೆರಡರ ಸುಮಾರಿಗಿ ಬರ್ತಾನ.

ತವರೇ ವಿಮಾನ ಹತ್ತತದ

ಮೊದಲು ಮಗಳು ತವರಿಗಿ ಬರತಿದ್ದಳು. ಈಗ ತವರೇ ಮಗಳ ಮನಿಗಿ ಹೋಗ್ತದ. ಏಳು ತಿಂಗಳು ಮೀರಿದ ಬಸುರಿಗಿ ವಿಮಾನದೋರು ಡಾಕ್ಟರ ಚೀಟಿ ಕೇಳ್ತಾರ, ದಿನ ತುಂಬಿದ ಮ್ಯಾಲ ಹತ್ತಿಸಂಗೇ ಇಲ್ಲ. ಗಂಡನ ರಜಾ, ಆಕಿ ನೌಕರಿ, ಅಲ್ಲಿನ ದವಾಖಾನಿ ವಿಮಾ ಎಲ್ಲಾ ನೋಡಿದ್ರ ಅವ್ವ ಹೋಗೋದೇ ಸರಳ. ಕುಬಸದ ಸೀರಿ, ಅಂಟಿನ ಉಂಡಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಡಕ್ ರೊಟ್ಟಿ, ತೊಗರಿ ಬ್ಯಾಳಿ ಎಲ್ಲಾ ಕಟ್ಟಿಕೊಂಡು ತೂಕದ ಕಾಟಾ ಮ್ಯಾಲ ಇಟ್ಟು, ತೆಗೆದು, ಮತ್ತ ಇಟ್ಟು 23 ಕಿಲೋಕ್ಕ ತರೋದೇ ಒಂದು ಪರೀಕ್ಷಾ. ಕಮಲಾಪುರದ ಕೆಂಪು ಬಾಳಿಹಣ್ಣು ಮಾತ್ರ ಇಲ್ಲೇ ತಿಂದು ಹೋಗಬೇಕು, ಹಸಿ ಹಣ್ಣು ಅಲ್ಲಿ ಒಳಗ ಬಿಡಂಗಿಲ್ಲ.

ಬಾಣಂತನದ ಹಾದಿಗಿ ತಿಂಗಳುಗಟ್ಟಲೆ ಮೊದಲೇ ತಯಾರಿ ಇರ್ತದ. ಪಾಸ್‌ಪೋರ್ಟ್, ವೀಸಾ ದಿನ, ಔಷಧ ಚೀಟಿ. ವಿಮಾನದಾಗ ಎರಡು ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ ಅಡ್ಡಾಡ್ರಿ, ಕೂತಲ್ಲೇ ಕೂತ್ರ ಕಾಲು ಬಾವು ಬರ್ತಾವ, ಒಳಗ ರಕ್ತ ಹೆಪ್ಪುಗಟ್ಟೋ ಅಂಜಿಕಿ ಇರ್ತದ. ನಿಲ್ದಾಣದಾಗ ಗಾಲಿ ಕುರ್ಚಿ ಬೇಕು ಅಂತ ಟಿಕೆಟ್ ತೆಗಿಯೋವಾಗೇ ಬರೆಸ್ರಿ. ಅದು ನಾಚಿಕಿ ಮಾತಲ್ಲ. ಇಂಗ್ಲಿಷ್ ಬರದವರಿಗಿ ಅದೇ ದೊಡ್ಡ ಆಸರ, ಕುರ್ಚಿ ದೂಡೋರೇ ಎಲ್ಲಾ ಬಾಗಿಲು ದಾಟಸ್ತಾರ.

ಮಣ್ಣಿನ ಲೆಕ್ಕ

ಮಣ್ಣಿಗಿ ತಯಾರಿ ಇರಂಗಿಲ್ಲ. ಅಲ್ಲೇ ತಾಸಿನ ಲೆಕ್ಕ ಬೇಕಾಗೋದು.

ನಮ್ಮ ಬಳಗದ ಒಂದು ಮನ್ಯಾಗ ಹಿರಿಯ ಕಾಕು ಮುಂಜಾನಿ ಐದಕ್ಕ ತೀರ್ಕೊಂಡ್ರು. ಮಗಳು ಕ್ಯಾಲಿಫೋರ್ನಿಯಾದಾಗ, ಅಲ್ಲಿ ಇನ್ನೂ ಹಿಂದಿನ ದಿನದ ಮಧ್ಯಾಹ್ನ. ಸುದ್ದಿ ಮುಟ್ಟಿದ ಐದು ನಿಮಿಷಕ್ಕೇ ಇಲ್ಲಿ ನಿಶ್ಚಯ ಆಯ್ತು: "ಅಮೆರಿಕಾ ಅಂದ್ರ ಭಾಳ ದೂರ, ಆಕಿ ಮುಟ್ಟಂಗಿಲ್ಲ, ಸಂಜಿ ನಾಕಕ್ಕ ಮಣ್ಣು." ಆಕಿ ಅದೇ ರಾತ್ರಿ ವಿಮಾನ ಹತ್ತಿದಳು, ಮೂರನೇ ದಿನ ಬಂದು ಮುಟ್ಟಿದಳು. ಯಾರ ಮ್ಯಾಲೂ ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದಳು: "ನಾ ಎಷ್ಟು ತಾಸಿಗಿ ಬರ್ತೀನಿ ಅಂತ ಲೆಕ್ಕ ಹಾಕಿದ್ರಿ?" ಯಾರೂ ಲೆಕ್ಕ ಹಾಕಿರಲಿಲ್ಲ. ದೂರ ಅಂದಿದ್ರು ಅಷ್ಟೇ.

ಲೆಕ್ಕ ಹಾಕಿದ್ರ ಏನಾಗ್ತಿತ್ತು ನೋಡ್ರಿ. ಟಿಕೆಟ್ ಸಿಕ್ಕು ನಿಲ್ದಾಣ ಮುಟ್ಟಲಿಕ್ಕ ಕಡಿಮಿ ಅಂದ್ರ ನಾಕೈದು ತಾಸು. ನೇರ ವಿಮಾನ ಆ ದಿನ ಇದ್ರ 17 ತಾಸು, ಇರದಿದ್ರ ದಿಲ್ಲಿನೋ ದುಬೈನೋ ಸುತ್ತಿ 22ರಿಂದ 25. ಇಳಿದು ಹೊರಗ ಬರೋದು ಒಂದು ತಾಸು. ಅಲ್ಲಿಂದ ಕಲಬುರಗಿ: ವಿಮಾನ ಹೊಂದಿದ್ರ ನಾಕು ತಾಸು, ರಾತ್ರಿ ಕಾರು ಮಾಡಿಕೊಂಡ್ರ ಹತ್ತು. ಹೈದರಾಬಾದಿನ್ಯಾಗ ಇಳಿದ್ರ ಕಾರಿನ ಹಾದಿ ಐದೇ ತಾಸು. ಎಲ್ಲಾ ಕೂಡಿ ಛೊಲೋ ಅಂದ್ರ ಸುಮಾರು 27, ತಡಾ ಆದ್ರ ಸುಮಾರು 40. ಕಾಯಬೇಕೋ ಬ್ಯಾಡೋ ಅನ್ನೋದು ಆಮ್ಯಾಲಿನ ಮಾತು. ನಮ್ಮ ಬ್ಯಾಸಿಗಿ ಬಿಸಿಲು, ಮನಿ ಪದ್ಧತಿ, ಕೂತು ಕಾಯೋ ವಯಸ್ಸಾದೋರು ಎಲ್ಲಾ ನೋಡಬೇಕು. ಥಂಡಿ ಪೆಟ್ಟಿಗಿ ಈಗ ಊರಾಗ ಬಾಡಿಗಿಗಿ ಸಿಗ್ತದ ಅನ್ನೋದನ್ನೂ ನೋಡಬೇಕು. ಕೆಲವು ಮಕ್ಕಳೇ "ನನ್ನ ಸಲುವಾಗಿ ನಿಲ್ಲಸಬ್ಯಾಡ್ರಿ" ಅಂತಾರ. ಆದ್ರ ಅದನ್ನ ಅವರು ಹೇಳಬೇಕು. ಅವರ ಪರವಾಗಿ ನಕಾಶಿ ಹೇಳಬಾರದು.

ಇನ್ನೊಬ್ಬರು ನೆರೆಮನಿ ಆಯಿ ಇದನ್ನ ತಮ್ಮ ರೀತಿಯಾಗ ಬಗೆಹರಿಸಿಕೊಂಡಾರ. ಮಗಳಿಗಿ ಹೇಳ್ಯಾರ: "ಸತ್ತ ಮ್ಯಾಲ ಓಡಿ ಬರಬ್ಯಾಡ. ಆ ರೊಕ್ಕದಾಗ ವರ್ಷಕ್ಕೊಮ್ಮೆ ಈಗೇ ಬಾ, ಹದಿನೈದು ದಿನ ನನ್ನ ಕೈ ರೊಟ್ಟಿ ತಿಂದು ಹೋಗು." ಮಗಳು ಪ್ರತಿ ಡಿಸೆಂಬರ್‌ಕ್ಕ ಬರ್ತಾಳ. ಆ ಮನ್ಯಾಗ ಈ ಲೆಕ್ಕ ಮುಗಿದದ.

ಬಂಡಿ ಕಾಲದಿಂದ ಇಲ್ಲಿತನಕ ಭೂಮಿ ಇದ್ದಷ್ಟೇ ಅದ. ಬದಲಾದದ್ದು ತಾಸು. ಅದೂ ನಡುವಿನ ತಾಸು. ಮನಿಲಿಂದ ನಿಲ್ದಾಣಕ್ಕ, ನಿಲ್ದಾಣದಿಂದ ಮನಿಗಿ, ಟಿಕೆಟಿಗಿ, ವೀಸಾಕ್ಕ ಕಾಯೋ ಹೊತ್ತು ಅಷ್ಟೇನೂ ಇಳಿದಿಲ್ಲ. ಅದಕ್ಕೇ ಈ ವಾರ ಪರದೇಶದಾಗ ಮಕ್ಕಳಿದ್ದೋರು ಒಂದು ಕೆಲಸ ಮಾಡ್ರಿ. ಮಗಳ ಜೋಡಿ ಫೋನಿನ್ಯಾಗ ಕೂತು ಆಕಿ ಮನಿ ಬಾಗಲದಿಂದ ನಿಮ್ಮ ಮನಿ ಬಾಗಲಕ್ಕ ಎಷ್ಟು ತಾಸು ಅಂತ ಎರಡು ಲೆಕ್ಕ ಹಾಕ್ರಿ: ಎಲ್ಲಾ ಹೊಂದಿದ್ರ ಎಷ್ಟು, ಹೊಂದದಿದ್ರ ಎಷ್ಟು. ಕಾಯಬೇಕೋ ಬ್ಯಾಡೋ ಅಂತ ಆಕಿ ಮನಸ್ಸೂ ಕೇಳ್ರಿ, ನಿಮ್ಮದೂ ಹೇಳ್ರಿ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಹಿಂದ ಬರೆದಿಡ್ರಿ, ಮನ್ಯಾಗ ಇರೋ ಗಂಡಸರಿಗೂ ತೋರಿಸ್ರಿ. ನಿಮ್ಮ ಲೆಕ್ಕ ಎಷ್ಟು ಬಂತು ಅಂತ ನನಗೂ ತಿಳಿಸ್ರಿ, ಯಾವ ಓಣಿಲಿಂದ ಯಾವ ಊರಿಗಿ ಅನ್ನೋದರ ಜೋಡಿ.